ಕುಟ್ಟಿ ಪೂಜೆಯಾಗದ ಮೆಟ್ಟಿಲು

ಬಂಟ್ವಾಳಕ್ಕೆ ಬರುವವರು ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳುವುದು ಒಂದೇ ಮಾತು, ದೊಡ್ಡ ಮಾಳಿಗೆಯ ಹತ್ತಿರ ಇಳಿಸಿ ಅಂತ. ಬೆಳ್ತಂಗಡಿಯವರೂ ಹಾಗೆಯೇ, ಮೂಡುಬಿದಿರೆಯವರೂ ಹಾಗೆಯೇ. ಪೇಟೆಯಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇಲ್ಲ. ಮುಂದೆ ಸಾಲು ಕಮಾನು, ಮೇಲೆ ಮರದ ಕಟಾಂಜನದ ಉಪ್ಪರಿಗೆ, ಅದರ ನೆತ್ತಿಯಲ್ಲಿ ಗಾರೆಯಿಂದ ಮಾಡಿದ ಎರಡು ಆನೆ, ಆನೆಗಳ ನಡುವೆ ೧೯೫೪ ಎಂಬ ಇಸವಿ. ಹೊಸದಾಗಿ ಮದುವೆಯಾದವರು ಅದರ ಎದುರು ನಿಂತು ಫೋಟೊ ತೆಗೆಸುತ್ತಾರೆ. ಅದರ ಚರಿತ್ರೆಯನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಧರ್ಣಪ್ಪ ಧಣಿಗಳು ಕಟ್ಟಿಸಿದ್ದು, ಮಂಗಳೂರಿನ ಹಂಚು, ಮುಂಡಾಜೆ ಕಾಡಿನ ಮರ, ಮಂತ್ರಿ ಬಂದು ಬಾಗಿಲು ತೆರೆದದ್ದು. ಅಲ್ಲಿಗೆ ಚರಿತ್ರೆ ಮುಗಿಯಿತು.

ಅವರೆಲ್ಲ ಆ ಕಟ್ಟಡವನ್ನು ಮುಂದಿನಿಂದ ಕಂಡವರು. ನಾನು ಹಿಂದಿನಿಂದ ಕಂಡವಳು. ನನ್ನ ಹೆಸರು ಕಾಂತಿ. ಜಾತಿಯ ಹೆಸರು ಹೇಳುವುದಿಲ್ಲ. ಅದು ಪೇಟೆಗೆ ಗೊತ್ತುಂಟು, ನಾಯಿಯನ್ನು ಓಡಿಸುವಾಗಲೂ ಅದೇ ಹೆಸರು ಹಿಡಿದು ಬೈಯುತ್ತಾರೆ. ನನ್ನ ಅಮ್ಮ ಸೇಸಿ. ಅಮ್ಮನ ತಮ್ಮ ಹುಕ್ರ ಮಾವ. ಮೂವರೂ ಆ ಕಟ್ಟಡವನ್ನು ತಲೆಯಲ್ಲಿ ಹೊತ್ತವರು. ಇದನ್ನು ಹೇಳುವುದಕ್ಕೂ ಈಗ ದಣಿವಾಗುತ್ತದೆ. ಆದರೂ ಹೇಳುತ್ತೇನೆ. ಧಣಿಯ ಚರಿತ್ರೆಯಲ್ಲಿ ಗಾರೆಯ ಆನೆಗಳಿಗೂ ಜಾಗ ಸಿಕ್ಕಿದೆ, ನಮಗೆ ಸಿಕ್ಕಿಲ್ಲ.

ಕೆಲಸ ಶುರುವಾದದ್ದು ಐವತ್ತೆರಡರಲ್ಲಿ. ಮುರಕಲ್ಲು ಸಿದ್ದಕಟ್ಟೆ ಕಡೆಯ ಗುಡ್ಡದಿಂದ ಎತ್ತಿನ ಗಾಡಿಯಲ್ಲಿ ಬರುತ್ತಿತ್ತು. ಗಾಡಿಯಿಂದ ಗೋಡೆಯವರೆಗೆ ನಮ್ಮ ತಲೆಯಲ್ಲಿ. ಹರಕು ಬಟ್ಟೆಯ ಸಿಂಬಿ ಇಟ್ಟುಕೊಂಡರೂ ನೆತ್ತಿ ಉರಿಯುತ್ತಿತ್ತು. ಕಲ್ಲಿನ ಕೆಂಪು ಬೆವರಿನ ಜೊತೆ ಸೇರಿ ಕುತ್ತಿಗೆಗೆ, ಎದೆಗೆ ಇಳಿಯುತ್ತಿತ್ತು. ಒಗೆದರೂ ಆ ಕಲೆ ಹೋಗುತ್ತಿರಲಿಲ್ಲ. ಗೋಡೆ ಮೇಲೆ ಮೇಲೆ ಹೋದ ಹಾಗೆ ಬಿದಿರಿನ ಅಟ್ಟಣಿಗೆ ಹತ್ತಬೇಕು. ಕುತ್ತಿಗೆ ಒಳಗೆ ಕುಸಿದ ಹಾಗೆ ಆಗುತ್ತಿತ್ತು. ಇವತ್ತಿಗೂ ನನಗೆ ಬಲಕ್ಕೆ ತಲೆ ಪೂರ್ತಿ ತಿರುಗುವುದಿಲ್ಲ.

ಗಾರೆ ಕುಟ್ಟುವುದು ಹೆಂಗಸರ ಕೆಲಸ. ಚಿಪ್ಪಿನ ಸುಣ್ಣ ದೋಣಿಯಲ್ಲಿ ಪಾಣೆಮಂಗಳೂರಿಗೆ ಬಂದು ಅಲ್ಲಿಂದ ಇಲ್ಲಿಗೆ ಬರುತ್ತಿತ್ತು. ಅದನ್ನು ಮರಳಿನ ಜೊತೆ ಬೆಲ್ಲದ ನೀರು ಹಾಕಿ ಒನಕೆಯಲ್ಲಿ ಕುಟ್ಟಬೇಕು. ಕೈಯ ಚರ್ಮ ಸುಲಿದು ಅದರೊಳಗೆ ಸುಣ್ಣ ಹೋಗುತ್ತಿತ್ತು. ಮೊದಲ ವಾರ ಬೆಲ್ಲದ ನೀರನ್ನು ಬೇರೆ ಪಾತ್ರೆಯಲ್ಲಿ ತಂದಿಟ್ಟಿದ್ದರು. ಹಸಿವಾದಾಗ ನಾವು ಅದಕ್ಕೆ ಬೆರಳು ಅದ್ದಿ ನೆಕ್ಕಿದೆವು. ಅದನ್ನು ನೋಡಿದ ಮೇಸ್ತ್ರಿ ಮರುದಿನದಿಂದ ನಮ್ಮ ಕಣ್ಣೆದುರೇ ಬೆಲ್ಲದ ನೀರಿಗೆ ಮುಷ್ಟಿ ಸುಣ್ಣ ಹಾಕಿ ಆಮೇಲೆ ಕೊಡುತ್ತಿದ್ದ. ಆ ಗೋಡೆಗೆ ಉಣಿಸಿದಷ್ಟು ಬೆಲ್ಲವನ್ನು ನನ್ನ ಅಮ್ಮ ಹುಟ್ಟಿದ ಮೇಲೆ ತಿಂದವಳಲ್ಲ.

ಆದರೆ ಒಂದು ಸಂಗತಿ ಹೇಳಬೇಕು. ಕಟ್ಟುವಷ್ಟು ದಿನ ನಮಗೆ ಮೈಲಿಗೆ ಇರಲಿಲ್ಲ. ನಾವು ಕಾಲಿಡದ ಕೋಣೆ ಆ ಕಟ್ಟಡದಲ್ಲಿ ಒಂದೂ ಇಲ್ಲ. ಒಂದು ಮಳೆಗಾಲ ನೇತ್ರಾವತಿ ಏರಿ ನಮ್ಮ ಗುಡಿಸಲಿಗೆ ನೀರು ನುಗ್ಗಿದಾಗ ಮೂವರೂ ಅಲ್ಲಿಯೇ ಮಲಗಿದೆವು. ಈಗ ಧಣಿ ಕೂತುಕೊಳ್ಳುವ ಆಫೀಸು ಕೋಣೆ ಉಂಟಲ್ಲ, ದೇವರ ಪಟ ತೂಗಿಹಾಕಿದ್ದು, ಅದರ ಕೆಳಗೆ ಅಮ್ಮ ಕಲ್ಲು ಹೂಡಿ ಗಂಜಿ ಬೇಯಿಸಿದ್ದಳು. ಧಣಿ ನೋಡಿದರು. ಸಾಮಾನಿಗೆ ಕಾವಲಾಯಿತು ಅಂತ ಅಂದರು, ಅಷ್ಟೇ.

ಅದಕ್ಕೆ ಕಾರಣ, ಕುಟ್ಟಿ ಪೂಜೆ ಇನ್ನೂ ಆಗಿರಲಿಲ್ಲ. ಕಟ್ಟಡದ ಕೆಲಸ ಮುಗಿದ ಮೇಲೆ ಬಡಗಿ ಮಾಡುವ ಪೂಜೆ ಅದು. ಕೋಳಿ ಕೊಯ್ದು, ಮರದಲ್ಲಿ ಕಲ್ಲಿನಲ್ಲಿ ಇದ್ದ ದೋಷವನ್ನೆಲ್ಲ ಕಳೆದು, ಕೆಲಸದವರು ಕಟ್ಟಡವನ್ನು ಒಡೆಯನಿಗೆ ಬಿಟ್ಟುಕೊಡುವುದು. ಮೂಡುಬಿದಿರೆಯಿಂದ ಬಂದ ಆಚಾರಿ ನಮ್ಮ ಮರಗೆಲಸದ ಹಿರಿಯ. ಗಟ್ಟಿ ಮನುಷ್ಯ. ಧಣಿ ಒಮ್ಮೆ ಸೀದಾ ಅಟ್ಟಣಿಗೆ ಹತ್ತಲು ಹೊರಟಾಗ ಅವರು ಉಳಿ ಕೆಳಗಿಟ್ಟು ಹೇಳಿದ್ದು ನನಗೆ ನೆನಪುಂಟು.

"ಕೇಳಿ ಹತ್ತಿ ಧಣಿ. ಕುಟ್ಟಿ ಪೂಜೆ ಆಗುವ ತನಕ ಇದು ಕೆಲಸದವರದ್ದು. ನಿಮ್ಮದಲ್ಲ."

ಧಣಿ ನಕ್ಕರು. ಆದರೆ ಕೇಳಿದರು. "ಬರಬಹುದಾ ಆಚಾರಿ?" ಅಂತ ಕೇಳಿಯೇ ಹತ್ತಿದರು. ಅಮ್ಮ ಆಗ ನನ್ನ ಪಕ್ಕದಲ್ಲಿ ಕಲ್ಲು ಇಳಿಸುತ್ತಿದ್ದಳು. ಅವಳ ಮುಖದಲ್ಲಿ ಆ ಹೊತ್ತು ಕಂಡ ನಗುವನ್ನು ಆಮೇಲೆ ನಾನು ಕಾಣಲಿಲ್ಲ.

ಐವತ್ತನಾಲ್ಕರಲ್ಲಿ ಮಂತ್ರಿ ಬರುವ ದಿನ ನಿಶ್ಚಯವಾಯಿತು. ಹಿಂದಿನ ಭಾಗದ ಕೆಲಸ ಇನ್ನೂ ಬಾಕಿ ಇತ್ತು. ಮೇಲಿನ ಮಾಳಿಗೆ ಲಾಡ್ಜಿಗೆ ಅಂತ ಆಗಿತ್ತು. ಲಾಡ್ಜಿನವರಿಗೆ ಮೇಲೆಯೇ ಕಕ್ಕಸು. ಕಕ್ಕಸಿನ ಕೆಳಗೆ ತಗಡಿನ ಡಬ್ಬ. ಅದನ್ನು ಹೊರಗಿನಿಂದಲೇ ಬಂದು ತೆಗೆದುಕೊಂಡು ಹೋಗುವುದಕ್ಕೆ ಹಿಂದೆ ಒಂದು ಕಲ್ಲಿನ ಮೆಟ್ಟಿಲು ಬೇಕು. ಆ ಮೆಟ್ಟಿಲು ಎದ್ದಿರಲಿಲ್ಲ. ಧಣಿ ಕಾಯಲಿಲ್ಲ. ಎದುರಿಗೆ ಮುಗಿದಷ್ಟಕ್ಕೆ ಕುಟ್ಟಿ ಪೂಜೆ ಮಾಡಿಸಿದರು. ಆಚಾರಿಗೆ ಜರಿಯ ಪಂಚೆ ಸಿಕ್ಕಿತು. ನಮಗೂ ಒಂದೊಂದು ಬಟ್ಟೆ ಸಿಕ್ಕಿತು, ಕೈಗೆ ಅಲ್ಲ, ನೆಲಕ್ಕೆ ಹಾಕಿದರು, ಹೆಕ್ಕಿಕೊಂಡೆವು. ಕ್ರಮದ ಪ್ರಕಾರ ಹತ್ಯಾರು ಹಿಡಿದು ಹಿಂದೆ ತಿರುಗಿ ನೋಡದೆ ಹೊರಗೆ ಬಂದೆವು. ಮರುದಿನ ಪುಣ್ಯಾಹ. ನಾವು ನಡೆದಲ್ಲೆಲ್ಲ ಗೋಮೂತ್ರ ಚಿಮುಕಿಸಿದರಂತೆ. ಅಲ್ಲಿಂದ ಮುಂದೆ ನಾವು ಆ ಹೊಸ್ತಿಲು ದಾಟಿದವರಲ್ಲ.

ಮಂತ್ರಿ ಹೋದ ಮೇಲೆ ನಮ್ಮನ್ನು ಕರೆಸಿದರು. ಹಿಂದಿನ ಓಣಿಯಿಂದ ಬನ್ನಿ ಅಂತ ಹೇಳಿ ಕಳಿಸಿದರು. ಆಚಾರಿ ಆಗಲೇ ಮೂಡುಬಿದಿರೆಗೆ ಹೋಗಿಯಾಗಿತ್ತು. ನಾವು ಮೂವರೇ. ಒಳ್ಳೆ ಕಲ್ಲು ಮುಗಿದಿತ್ತು, ಉಳಿದದ್ದು ಮೇಸ್ತ್ರಿ ಬೇಡ ಅಂತ ಮೂಲೆಗೆ ಹಾಕಿದ ಪೊಟ್ಟು ಕಲ್ಲು. ಉಗುರಿನಲ್ಲಿ ಕೆರೆದರೆ ಹುಡಿ ಬರುತ್ತಿತ್ತು. ಗಾರೆ ಮೆತ್ತಲು ಸುಣ್ಣ ಕೊಡಲಿಲ್ಲ. ಕೈಹಿಡಿಗೋಡೆ ಬೇಡವೆಂದರು. ಹುಕ್ರ ಮಾವ ಕಲ್ಲು ಕೂರಿಸಿದ, ಅಮ್ಮ ಮತ್ತು ನಾನು ಎತ್ತಿ ಕೊಟ್ಟೆವು. ಮುಗಿದ ದಿನ ಅಮ್ಮ ಅಂಗಳದ ಕೊನೆಯಲ್ಲಿ ನಿಂತು ಧಣಿಯನ್ನು ಕೇಳಿದಳು.

"ಇದಕ್ಕೆ ಕುಟ್ಟಿ ಪೂಜೆ ಇಲ್ವಾ ಧಣಿ?"

"ಕಕ್ಕಸಿನ ಮೆಟ್ಟಿಲಿಗೆ ಎಂತ ಪೂಜೆ ಸೇಸಿ? ಕೋಳಿ ತಿನ್ಲಿಕ್ಕೆ ಆಸೆ ಆಯ್ತಾ ನಿಂಗೆ?"

ಅಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಧಣಿ ನಕ್ಕಾಗ ನಗದೆ ಇರುವ ಅಭ್ಯಾಸ ನಮಗಿರಲಿಲ್ಲ.

ಆ ಮೆಟ್ಟಿಲು ಯಾರಿಗೆ ಅಂತ ಕಟ್ಟುವಾಗ ನಾವು ಕೇಳಲಿಲ್ಲ. ಕೇಳುವುದು ಎಂತ ಉಂಟು, ಅದು ನಮಗೇ. ಮೊದಲು ಅಮ್ಮ, ಆಮೇಲೆ ಅಮ್ಮನ ಜೊತೆ ನಾನು. ಖಾಯಂ ಕೆಲಸ ಸಿಕ್ಕಿತು ನಿಮಗೆ, ಪುಣ್ಯವಂತರು ಅಂತ ಲಾಡ್ಜಿನ ಮೆನೇಜರು ಕುಶಾಲಪ್ಪ ಹೇಳಿದ. ಮಾಳಿಗೆಯ ಅತ್ಯಂತ ಎತ್ತರದ ಕಲ್ಲನ್ನು ಯಾವ ತಲೆಯಲ್ಲಿ ಮೇಲಕ್ಕೆ ಹೊತ್ತೆವೋ ಅದೇ ತಲೆಯಲ್ಲಿ ಮಾಳಿಗೆಯವರ ಹೇಲನ್ನು ಕೆಳಕ್ಕೆ ಹೊತ್ತೆವು. ಸಭ್ಯ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಡಬ್ಬದೊಳಗೆ ಸಭ್ಯ ಮಾತು ಇರಲಿಲ್ಲ.

ಬೆಳಗಾದರೆ ಓಣಿಯ ಬಾಯಲ್ಲಿ ನಿಂತು ಕೂಗಬೇಕು. "ಬರ್ಪೆ!" ತುಳುವಿನಲ್ಲಿ ಬರುತ್ತೇನೆ ಅಂತ ಅರ್ಥ. ನೆಂಟರ ಮನೆಗೆ ಹೋಗುವಾಗ ಪ್ರೀತಿಯಿಂದ ಹೇಳುವ ಮಾತು ಅದು. ನಾವು ಅದನ್ನು ಎಚ್ಚರಿಕೆಗೆ ಕೂಗಬೇಕು, ನಮ್ಮ ನೆರಳು ಬೀಳದ ಹಾಗೆ ಮೇಲಿನವರು ಒಳಗೆ ಸರಿಯುವುದಕ್ಕೆ. ಮೂರು ಸಲ ಕೂಗಿದ ಮೇಲೆ ಮೆಟ್ಟಿಲು ಹತ್ತಬೇಕು, ಡಬ್ಬ ಎಳೆಯಬೇಕು, ತಲೆಗೆ ಏರಿಸಿಕೊಳ್ಳಬೇಕು. ಡಬ್ಬದ ಅಂಚು ತುಕ್ಕು ತಿಂದು ತೂತಾಗಿತ್ತು. ಮಳೆಗಾಲದಲ್ಲಿ ಡಬ್ಬಕ್ಕೆ ನೀರು ಬಿದ್ದು ತುಂಬಿ ತುಳುಕುತ್ತಿತ್ತು. ತಲೆಯಲ್ಲಿ ಡಬ್ಬ ಇದ್ದರೆ ಮಳೆಗೆ ಓಲೆಯ ಗೊರಬೆ ಹಾಕಿಕೊಳ್ಳಲು ಆಗುವುದಿಲ್ಲ. ಮಳೆ ನೀರೂ ಮುಖಕ್ಕೆ, ಅದೂ ಮುಖಕ್ಕೆ. ಬಾಯಿ ಗಟ್ಟಿ ಮುಚ್ಚಿಕೊಂಡು ಇಳಿಯಬೇಕು. ಮನೆಗೆ ಬಂದು ಹೊಳೆಯಲ್ಲಿ ಮುಳುಗಿ ಎದ್ದರೂ ಗಂಜಿ ಬಾಯಿಯ ಹತ್ತಿರ ತಂದಾಗ ವಾಸನೆ ಕೈಯಲ್ಲೇ ಇರುತ್ತಿತ್ತು. ಅಮ್ಮ ಎಡಗೈಯಲ್ಲಿ ಮೂಗು ಹಿಡಿದು ಉಣ್ಣುತ್ತಿದ್ದಳು.

ಕಟ್ಟಡದ ಜಗಲಿಯ ಕೊನೆಯಲ್ಲಿ, ಓಣಿಗೆ ತಾಗಿ, ಅಬ್ದುಲ್ ಶುಕೂರ್ ಅಂತ ಒಬ್ಬ ದರ್ಜಿ ಮೆಷಿನ್ ಇಟ್ಟುಕೊಂಡು ಕೂತಿದ್ದ. ಅವನು ನಮ್ಮನ್ನು ಕಂಡರೆ ಮೂಗು ಮುಚ್ಚುತ್ತಿರಲಿಲ್ಲ. ಅಮ್ಮನನ್ನು ಸೇಸಕ್ಕ ಅಂತ ಕರೆಯುತ್ತಿದ್ದ. ಪೇಟೆಯಲ್ಲಿ ಅಕ್ಕ ಅಂದವನು ಅವನೊಬ್ಬ. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳುವುದಕ್ಕೆ ಅಂಥದ್ದು ಬೇರೆ ಇಲ್ಲ.

ಮಾಳಿಗೆಯ ಮುಂದಿನ ಉಪ್ಪರಿಗೆಯಲ್ಲಿ ಆಗಾಗ ಸಭೆ ನಡೆಯುತ್ತಿತ್ತು. ಗಾಂಧಿ ಜಯಂತಿಯ ದಿನ ಅಸ್ಪೃಶ್ಯತೆ ಈಗ ಕಾನೂನಿನಲ್ಲಿ ಅಪರಾಧ ಅಂತ ಒಬ್ಬರು ಮೈಕಿನಲ್ಲಿ ಭಾಷಣ ಮಾಡಿದರು. ಹಿಂದಿನ ಓಣಿಯಲ್ಲಿ ಡಬ್ಬ ಹೊತ್ತು ನಿಂತಿದ್ದ ನಮಗೆ ಪೂರ್ತಿ ಕೇಳಿಸಿತು. ಕುಶಾಲಪ್ಪ ಓಡಿಬಂದು, ಸಭೆ ಮುಗಿಯುವ ತನಕ ಅಲ್ಲಿಯೇ ನಿಲ್ಲಿ, ಗಾಳಿ ಆ ಕಡೆ ಬೀಸ್ತಾ ಉಂಟು ಅಂತ ಹೇಳಿದ. ನಿಂತೆವು. ಭಾಷಣ ಉದ್ದವಾಗಿತ್ತು. ಸೊಂಟ ಮುರಿದು ಬೀಳುವಷ್ಟು ಉದ್ದವಾಗಿತ್ತು.

ಪೊಟ್ಟು ಕಲ್ಲು ಎಷ್ಟು ಮಳೆ ತಡೆಯುತ್ತದೆ? ಅಂಚುಗಳು ಮೊದಲು ಕರಗಿದವು. ಆಮೇಲೆ ನಡುವೆ ಗುಳಿ ಬಿತ್ತು. ಗುಳಿಯಲ್ಲಿ ಪಾಚಿ. ಕೆಲವು ಮೆಟ್ಟಿಲು ಕಾಲಿಟ್ಟರೆ ಅಲುಗಾಡುತ್ತಿದ್ದವು. ಅಮ್ಮ ಕುಶಾಲಪ್ಪನಿಗೆ ಹೇಳಿದಳು, ವರ್ಷ ವರ್ಷವೂ ಹೇಳಿದಳು. ಮಳೆಗಾಲ ಮುಗಿಯಲಿ ಅನ್ನುತ್ತಿದ್ದ. ಮಳೆಗಾಲ ಮುಗಿದರೆ ಈಗ ಮಳೆ ಇಲ್ವಲ್ಲ, ಜಾರುವುದಿಲ್ಲ ಅನ್ನುತ್ತಿದ್ದ. ಅರವತ್ತೆರಡರಲ್ಲಿ ಆಟಿ ತಿಂಗಳ ಮಳೆ ಹಿಡಿದಾಗ ಅಮ್ಮ ಕೇಳಿದಳು.

"ಮಳೆ ಬಿಡುವ ತನಕ ಎದುರಿನ ಮರದ ಮೆಟ್ಟಿಲಲ್ಲಿ ಇಳಿತೇವೆ ಸ್ವಾಮಿ. ಯಾರೂ ಏಳುವ ಮೊದಲು ಬರ್ತೇವೆ. ಗೋಣಿ ಮುಚ್ಚಿಕೊಂಡು ಹೋಗ್ತೇವೆ."

"ನಿಂಗೆ ತಲೆ ಸರಿ ಉಂಟಾ ಸೇಸಿ? ಅದು ಕುಟ್ಟಿ ಪೂಜೆ, ಪುಣ್ಯಾಹ ಎಲ್ಲ ಆದ ಜಾಗ. ದೇವರ ಪಟ ಉಂಟು ಅಲ್ಲಿ."

ಆ ಪಟದ ಕೆಳಗೆ ತಾನು ಗಂಜಿ ಬೇಯಿಸಿದ್ದನ್ನು ಅಮ್ಮ ಹೇಳಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅಮ್ಮ ಬಿದ್ದಳು. ನನಗೆ ಜ್ವರ ಇತ್ತು, ಅವಳು ಒಬ್ಬಳೇ ಹೋಗಿದ್ದಳು. ಮೇಲಿನಿಂದ ನಾಲ್ಕನೇ ಕಲ್ಲು ಕಾಲಡಿಯಲ್ಲಿ ಹುಡಿಯಾಗಿ ಹೋಯಿತು. ಹಿಡಿಯಲು ಏನೂ ಇರಲಿಲ್ಲ. ಅವಳು ಓಣಿಯ ಕಲ್ಲಿನ ಮೇಲೆ ಬಿದ್ದಳು, ಡಬ್ಬ ಅವಳ ಮೇಲೆ ಬಿತ್ತು. ಬಿದ್ದ ಶಬ್ದಕ್ಕೆ ಮಾಳಿಗೆಯ ಕಿಟಕಿಗಳು ತೆರೆದವು. ಲಾಡ್ಜಿನವರು ನೋಡಿದರು, ಕರವಸ್ತ್ರ ಮೂಗಿಗೆ ಹಿಡಿದು ನೋಡಿದರು. ಯಾರೋ ಅಯ್ಯೋ ಪಾಪ ಅಂದರಂತೆ. ಆಮೇಲೆ ಕಿಟಕಿಗಳು ಮುಚ್ಚಿದವು. ಕುಶಾಲಪ್ಪ ದೂರ ನಿಂತು, "ಏಳು ಸೇಸಿ, ಏಳು, ಓಣಿಯಲ್ಲಿ ಜನ ಬರ್ತಾರೆ" ಅಂತ ಕೂಗಿದ. ಅವಳು ಏಳಲಿಲ್ಲ. ಬಾಯಿ ಗಟ್ಟಿ ಮುಚ್ಚಿಕೊಂಡು ಬಿದ್ದುಕೊಂಡಿದ್ದಳು. ಬಾಯಿ ಬಿಟ್ಟರೆ ಒಳಗೆ ಹೋಗುತ್ತದೆ ಎಂಬ ಅಭ್ಯಾಸ.

ಎತ್ತಿದವನು ಶುಕೂರ್. ಹೊಲಿಯಲು ಇಟ್ಟಿದ್ದ ಯಾರದೋ ಹೊಸ ಬಟ್ಟೆಯಲ್ಲಿ ಅವಳ ಮುಖ ಒರೆಸಿದ. ಬಾವಿಯಿಂದ ನೀರು ತಂದು ಹುಯ್ದ. ಸುದ್ದಿ ಕೇಳಿ ನಾನೂ ಮಾವನೂ ಓಡಿಬಂದೆವು, ಅವನ ಭಾವನ ಲಾರಿಯಲ್ಲಿ ಮಂಗಳೂರಿನ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಸೊಂಟದ ಎಲುಬು ಎರಡು ಕಡೆ ತುಂಡಾಗಿತ್ತು. ಇನ್ನು ನಡೆಯುವುದಿಲ್ಲ ಅಂತ ಹೇಳಿ ಕಳಿಸಿದರು. ಗುಡಿಸಲಿನಲ್ಲಿ ಚಾಪೆಯ ಮೇಲೆ ಮಲಗಿಸಿದಾಗ ಅಮ್ಮ ಮೊದಲು ಹೇಳಿದ್ದು ಇದು.

"ಆ ಕಲ್ಲು ನಾನೇ ಎತ್ತಿ ಕೊಟ್ಟದ್ದು ಮಗಾ. ಪೊಟ್ಟು ಅಂತ ಕೈಗೆ ಗೊತ್ತಾಗಿತ್ತು. ಆದರೂ ಕೊಟ್ಟೆ."

ನನಗೆ ಅಳು ಬರಲಿಲ್ಲ. ಸಿಟ್ಟೂ ಅಲ್ಲ. ಮೈಯೆಲ್ಲ ಕಲ್ಲು ಹೊತ್ತ ಹಾಗೆ ಭಾರ. ಮಾವ ಮೂಲೆಯಲ್ಲಿ ಕೂತು ತನ್ನ ಕೈಯನ್ನೇ ನೋಡುತ್ತಿದ್ದ. ಅದನ್ನು ಕೂರಿಸಿದ್ದು ಆ ಕೈ.

ಕುಶಾಲಪ್ಪ ಹೇಳಿ ಕಳಿಸಿದ. ಡಬ್ಬ ತುಂಬಿ ಕೆಳಗೆ ಹರಿಯುತ್ತಾ ಉಂಟು, ನಾಳೆಯಿಂದ ಕಾಂತಿ ಬರಲಿ. ನಾನು ಹೋದೆ. ಡಬ್ಬಕ್ಕೆ ಅಲ್ಲ, ಧಣಿಯ ಹತ್ತಿರ. ನಾನು ಆ ಮೆಟ್ಟಿಲಿನಲ್ಲಿ ಬಿದ್ದರೆ ಚಾಪೆಯಲ್ಲಿರುವವಳ ಬಾಯಿಗೆ ನೀರು ಹಾಕಲು ಯಾರೂ ಇಲ್ಲ. ಅದೊಂದನ್ನೇ ಹೇಳಬೇಕು ಅಂತ ಹೋದೆ. ಅಂಗಳದಲ್ಲಿ ನಿಂತೆ. ಧಣಿ ಜಗಲಿಯಲ್ಲಿ ಚಾ ಕುಡಿಯುತ್ತಿದ್ದರು. ಮುಗಿಸುವ ತನಕ ನಿಂತೆ.

"ಮೆಟ್ಟಿಲು ಗಟ್ಟಿ ಕಲ್ಲಿನಲ್ಲಿ ಕಟ್ಟಿಸಿ ಧಣಿ. ಅಷ್ಟರ ತನಕ ಎದುರಿನ ಮೆಟ್ಟಿಲಲ್ಲಿ ಬರ್ತೇನೆ."

"ಈ ಮಳೆಯಲ್ಲಿ ಯಾರು ಕಲ್ಲು ಕಡಿತಾರೆ? ದೀಪಾವಳಿ ಕಳೀಲಿ, ನೋಡುವ."

"ಅಮ್ಮ ಇನ್ನು ಏಳುವುದಿಲ್ಲ."

"ಗೊತ್ತುಂಟು ಮಾರಾಯ್ತಿ. ನೋಡಿ ಕಾಲಿಡಬೇಕಿತ್ತು. ಪ್ರಾಯ ಆದ ಮೇಲೆ ನಿನ್ನನ್ನು ಕಳಿಸಬೇಕಿತ್ತು." ಅವರು ಎದ್ದರು. "ಎದುರಿನ ಮೆಟ್ಟಿಲಿನ ಸುದ್ದಿ ಎತ್ತಬೇಡ. ಅದಕ್ಕೆ ಕುಟ್ಟಿ ಪೂಜೆ ಆಗಿ ಅದು ನನ್ನ ಮನೆ ಆಗಿದೆ. ನನ್ನ ಮನೆಯೊಳಗೆ ನೀವು ಡಬ್ಬ ಹೊತ್ತು ಬರುವುದಾ?"

ಅವರು ಒಳಗೆ ಹೋದರು. ನಾನು ಅಂಗಳದಲ್ಲಿಯೇ ಉಳಿದೆ. ಅವರ ಮಾತು ಕಿವಿಯಲ್ಲಿ ನಿಂತಿತ್ತು. ಪೂಜೆ ಆಗಿ ಅದು ನನ್ನ ಮನೆ ಆಗಿದೆ. ಹಾಗಾದರೆ ಪೂಜೆ ಆಗದ್ದು?

ಮನೆಗೆ ಹೋಗಿ ಮಾವನಿಗೆ ಹೇಳಿದೆ. ಮಾವ ಕಮ್ಮಿ ಮಾತಿನವನು. ಪಿಕ್ಕಾಸು ಎಲ್ಲಿಟ್ಟಿದ್ದೇನೆ ಅಂತ ಗುಡಿಸಲಿನ ಮಾಡಿನ ಸಂದಿಯಲ್ಲಿ ಹುಡುಕತೊಡಗಿದ.

ಮರುದಿನ ಬೆಳಿಗ್ಗೆ ಓಣಿಯ ಬಾಯಲ್ಲಿ ನಾನು ಕೂಗಲಿಲ್ಲ. ಅದೇ ಮೊದಲ ಸಲ. ಸೀದಾ ಹತ್ತಿದೆ. ಮೇಲೆ ಬಾಗಿಲ ಹತ್ತಿರ ಹಲ್ಲುಜ್ಜುತ್ತಾ ನಿಂತಿದ್ದ ಲಾಡ್ಜಿನವನೊಬ್ಬ ನನ್ನನ್ನು ಕಂಡು ಬೊಬ್ಬೆ ಹೊಡೆದು ಒಳಗೆ ಓಡಿದ. ಕಟ್ಟುವಾಗ ಕೆಳಗಿನಿಂದ ಮೇಲೆ, ಕೆಡಹುವಾಗ ಮೇಲಿನಿಂದ ಕೆಳಗೆ. ಮೇಲಿನ ಕಲ್ಲಿಗೆ ಪಿಕ್ಕಾಸು ಹಾಕಿದೆ. ಒಂದೇ ಏಟಿಗೆ ಮೊನೆ ಒಳಗೆ ಹೋಯಿತು. ಪೊಟ್ಟು. ಮೀಟಿ ಎಬ್ಬಿಸಿದೆ, ಕೆಳಗೆ ಉರುಳಿಸಿದೆ. ಮಾವ ಕೆಳಗೆ ನಿಂತು ಬಿದ್ದ ಕಲ್ಲನ್ನು ಬದಿಗೆ ಸರಿಸುತ್ತಿದ್ದ.

ಕುಶಾಲಪ್ಪ ಓಡಿಬಂದ. "ಏ ಕಾಂತಿ, ನಿಂಗೆ ಹುಚ್ಚು ಹಿಡಿಯಿತಾ? ಇಳಿ ಕೆಳಗೆ! ಧಣಿಗಳ ಮೆಟ್ಟಿಲು ಅದು!"

ಇಳಿಯಲಿಲ್ಲ. ಜನ ಸೇರಿದರು. ಧಣಿ ಬಂದರು, ಕೊಡೆ ಹಿಡಿದವನೂ ಬಂದ. ಧಣಿ ಮುಖ ಕೆಂಪಗೆ ಮಾಡಿ ಕೂಗಿದರು.

"ಹಿಡಿದು ಎಳೀರಿ ಅವಳನ್ನು!"

ಯಾರೂ ಮುಂದೆ ಬರಲಿಲ್ಲ. ನನ್ನನ್ನು ತಡೆಯಬೇಕಾದರೆ ನನ್ನನ್ನು ಮುಟ್ಟಬೇಕು. ಡಬ್ಬ ತುಂಬಿ ಹರಿದ ಮೆಟ್ಟಿಲಿನ ಮೇಲೆ ನಿಂತವಳು ನಾನು, ಮೊಣಕಾಲ ತನಕ ಅದೇ ಆಗಿತ್ತು. ಕುಶಾಲಪ್ಪ ಒಂದು ಹೆಜ್ಜೆ ಮುಂದಿಟ್ಟು ನಿಂತ. ಧಣಿಯ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ನಮ್ಮ ಸುತ್ತ ಅವರು ಕಟ್ಟಿದ ಬೇಲಿ ಆ ದಿನ ನನಗೆ ಕಾವಲಾಯಿತು. ನನಗೆ ನಗು ಬಂತು. ನಕ್ಕೆ. ಧಣಿ ನಗದೆ ಇರುವಾಗ ನಾನು ನಕ್ಕದ್ದು ಅದೇ ಮೊದಲು.

"ಪೋಲೀಸು ಕರೆಸ್ತೇನೆ. ನನ್ನ ಸೊತ್ತು ಹಾಳು ಮಾಡ್ತೀಯಾ?"

"ಇದು ನಿಮ್ಮ ಸೊತ್ತು ಆದದ್ದು ಯಾವಾಗ ಧಣಿ?" ನಾನು ಕೇಳಿದೆ. ಮಳೆಯಲ್ಲಿ ಎಲ್ಲರಿಗೂ ಕೇಳಲಿ ಅಂತ ಗಟ್ಟಿಯಾಗಿ ಕೇಳಿದೆ. "ಎದುರಿನದಕ್ಕೆ ಕುಟ್ಟಿ ಪೂಜೆ ಆಗಿದೆ, ಅದು ನಿಮ್ಮದು. ನಾನು ಅದನ್ನು ಮುಟ್ಟುವುದಿಲ್ಲ. ಇದಕ್ಕೆ ಆಗಲಿಲ್ಲ. ಅಮ್ಮ ಕೇಳಿದ್ದಳು, ನೀವು ನಗಾಡಿದಿರಿ. ಪೂಜೆ ಆಗುವ ತನಕ ಕೆಲಸದವರದ್ದು. ಇದು ಸೇಸಿಯದ್ದು, ಹುಕ್ರನದ್ದು, ನನ್ನದು. ನಮ್ಮದನ್ನು ನಾವು ಕೆಡಹುತ್ತೇವೆ."

ಓಣಿಯಲ್ಲಿ ಗುಸುಗುಸು ಶುರುವಾಯಿತು. ಪೂಜೆ ಆಗ್ಲಿಲ್ವಂತೆ. ಆಗ್ಲಿಲ್ವಾ? ಇಷ್ಟು ವರ್ಷ ಪೂಜೆ ಆಗದ ಮೆಟ್ಟಿಲಾ? ಅದಕ್ಕೇ ಮತ್ತೆ ಅವಳು ಬಿದ್ದದ್ದು. ಒಬ್ಬ ಪೋಲೀಸಿನವನು ಬಂದ. ಮೊದಲ ಮೆಟ್ಟಿಲಿಗೆ ಬೂಟು ಇಟ್ಟಿದ್ದ, ಈ ಮಾತು ಕಿವಿಗೆ ಬಿದ್ದದ್ದೇ ಬೂಟು ಹಿಂದೆ ತೆಗೆದ. "ಪೂಜೆ ಆಗಿಲ್ವಾ ಧಣಿ?" ಅಂತ ಅವನೂ ಕೇಳಿದ.

ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಬ್ಬ ಹೆಂಗಸಿನ ಸೊಂಟ ಮುರಿದಾಗ ಕಿಟಕಿ ಮುಚ್ಚಿದ ಜನ. ಒಂದು ಕೋಳಿ ಕೊಯ್ಯದೆ ಹೋದದ್ದಕ್ಕೆ ಹೆದರಿ ಎರಡು ಮಾರು ಹಿಂದೆ ಸರಿದರು.

ಧಣಿಯೂ ಹೆದರಿದರು. ಅದು ಮುಖದಲ್ಲಿ ಕಂಡಿತು. ಕಾರಿನ ಡ್ರೈವರನನ್ನು ಕರೆದರು. "ಮೂಡಬಿದ್ರೆಗೆ ಹೋಗು. ಆಚಾರಿ ಎಲ್ಲಿದ್ದರೂ ಹಾಕಿಕೊಂಡು ಬಾ. ಬರುವಾಗ ಒಂದು ಕೋಳಿ ತಕೊಂಡು ಬಾ. ಇವತ್ತೇ ಪೂಜೆ ಮಾಡಿಸಿಬಿಡುವ."

ಕಾರು ಹೊರಟಿತು. ಪೂಜೆ ಆದರೆ ಮೆಟ್ಟಿಲು ಅವರದ್ದು. ಆಮೇಲೆ ಅದಕ್ಕೆ ಕೈ ಹಾಕಿದರೆ ನಾನು ಕಳ್ಳಿ. ಅಷ್ಟರೊಳಗೆ ಮುಗಿಯಬೇಕು. ಮಾವನೂ ಹಾರೆ ಹಿಡಿದು ಮೇಲೆ ಬಂದ. ಇಬ್ಬರೂ ಹೊಡೆದೆವು. ನನ್ನ ಕುತ್ತಿಗೆ ಹಿಡಿದುಕೊಂಡಿತು, ಕಣ್ಣಿಗೆ ಕಪ್ಪು ಕವಿಯಿತು, ನಿಲ್ಲಿಸಲಿಲ್ಲ. ಕೆಂಪು ನೀರು ಓಣಿ ತುಂಬ ಹರಿಯಿತು. ನಾಲ್ಕನೇ ಕಲ್ಲಿನ ಜಾಗದಲ್ಲಿ ಅಮ್ಮನ ಸೀರೆಯ ಚೂರು ಸಿಕ್ಕಿಹಾಕಿಕೊಂಡಿತ್ತು. ಮಾವ ಅದನ್ನು ಬಿಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ, ಮತ್ತೆ ಹಾರೆ ಎತ್ತಿದ. ಶುಕೂರ್ ಮೆಷಿನ್ ನಿಲ್ಲಿಸಿ ಓಣಿಗೆ ಬಂದು, ಬಿದ್ದ ಕಲ್ಲುಗಳನ್ನು ದೂಡತೊಡಗಿದ. ಧಣಿ ಅವನನ್ನು ನೋಡಿ, "ಶುಕೂರ್, ಜಗಲಿಯಲ್ಲಿ ಜಾಗ ಬೇಕಾ ನಿಂಗೆ?" ಅಂತ ಕೇಳಿದರು.

"ಬೇಡ ಧಣಿ" ಅಂದ ಅವನು. ಅಷ್ಟೇ ಅಂದದ್ದು. ಕಲ್ಲು ದೂಡುತ್ತಲೇ ಇದ್ದ.

ಕಾರು ಬಂದಾಗ ನಾವು ಕೊನೆಯ ಕಲ್ಲಿನ ಮೇಲೆ ಕೂತಿದ್ದೆವು. ಎದ್ದು ಅದನ್ನೂ ಕಿತ್ತೆವು. ಆಚಾರಿ ಕಾರಿನಿಂದ ಇಳಿದರು, ಮುದುಕರಾಗಿದ್ದರು. ಕೈಯಲ್ಲಿ ಕಾಲು ಕಟ್ಟಿದ ಕೋಳಿ. ಗೋಡೆ ನೋಡಿದರು. ಮೇಲೆ ಒಂದು ಬಾಗಿಲು ಗಾಳಿಗೆ ತೆರೆದುಕೊಂಡಿತ್ತು, ಅದರ ಕೆಳಗೆ ಏನೂ ಇರಲಿಲ್ಲ.

"ಎಲ್ಲಿ ಧಣಿ ಪೂಜೆ ಮಾಡುವುದು?"

"ನೀವೇ ಹೇಳಿ ಆಚಾರಿ. ಇವರು ಮಾಡಿದ್ದು ಸರಿಯಾ?"

ಆಚಾರಿ ನನ್ನನ್ನು ನೋಡಿದರು, ಮಾವನನ್ನು ನೋಡಿದರು. ಗುರುತು ಹಿಡಿದರು ಅಂತ ಕಾಣುತ್ತದೆ. "ನಾನು ಮೊದಲೇ ಹೇಳಿದ್ದೆ. ಪೂಜೆ ಆಗದ್ದು ಕೆಲಸದವರದ್ದು. ಅವರದ್ದು ಅವರು ತೆಗೆದರು." ಕೋಳಿಯ ಕಾಲಿನ ಕಟ್ಟು ಬಿಚ್ಚಿ ಬಿಟ್ಟರು. ಅದು ಓಣಿಯಲ್ಲಿ ಓಡಿತು.

ಗೆದ್ದೆವು ಅಂತ ನಾನು ಹೇಳುವುದಿಲ್ಲ. ಶುಕೂರನ ಮೆಷಿನ್ ಮರುದಿನವೇ ಜಗಲಿಯಿಂದ ಹೊರಗೆ ಬಂತು. ಈಗ ಪಾಣೆಮಂಗಳೂರಿನಲ್ಲಿ ಯಾರದೋ ಅಂಗಡಿಯ ಬದಿಯಲ್ಲಿ ಹೊಲಿಯುತ್ತಾನೆ. ಮಾವನಿಗೆ ಪೇಟೆಯಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ನಾನು ಕಲ್ಲಡ್ಕದ ರಸ್ತೆಗೆ ಜಲ್ಲಿ ಒಡೆಯಲು ಹೋಗುತ್ತೇನೆ. ಬೆಳಿಗ್ಗೆಯಿಂದ ಸಂಜೆ ತನಕ ಕೂತು ಕಲ್ಲು ಒಡೆಯುವುದು, ಸಂಜೆ ಬಂದು ಅಮ್ಮನನ್ನು ಮಗ್ಗುಲು ತಿರುಗಿಸುವುದು. ಕೈಯಲ್ಲಿ ವಾಸನೆ ಮಾತ್ರ ಇಲ್ಲ. ಅಮ್ಮ ಈಗ ಮೂಗು ಹಿಡಿಯದೆ ಉಣ್ಣುತ್ತಾಳೆ.

ಧಣಿ ಮೆಟ್ಟಿಲು ಮತ್ತೆ ಕಟ್ಟಿಸಲು ನೋಡಿದರು. ಆ ಕೆಲಸಕ್ಕೆ ನಮ್ಮವರೇ ಆಗಬೇಕು. ಬೆಳ್ತಂಗಡಿಯಿಂದ ನಮ್ಮವರು ಇಬ್ಬರು ಬಂದರು. ಗೋಡೆಯಲ್ಲಿದ್ದ ಬಾಗಿಲು ನೋಡಿದರು, ನಮ್ಮ ಗುಡಿಸಲಿಗೆ ಬಂದು ಅಮ್ಮನನ್ನೂ ನೋಡಿದರು. ನೀರು ಕುಡಿದು ಸಂಜೆಯ ಬಸ್ಸಿಗೆ ಹಿಂದೆ ಹೋದರು. ಎದುರಿನ ಮೆಟ್ಟಿಲಿನಲ್ಲಿ ಡಬ್ಬ ಇಳಿಸಲು ಧಣಿಗೆ ಮನಸ್ಸಿಲ್ಲ. ಮೇಲಿನ ಕಕ್ಕಸಿಗೆ ಬೀಗ ಬಿತ್ತು.

ಹಾಗಾಗಿ ಈಗ ಲಾಡ್ಜಿನವರು ಬೆಳಗಾಗುವ ಮೊದಲು ಚೊಂಬು ಹಿಡಿದು ಹೊಳೆ ದಂಡೆಗೆ ಬರುತ್ತಾರೆ. ಹಿಂದಿನ ಓಣಿಯಿಂದ. ಆ ಓಣಿ ನಮ್ಮ ಗುಡಿಸಲಿನ ಬಾಗಿಲ ಎದುರಿನಿಂದಲೇ ದಂಡೆಗೆ ಇಳಿಯುತ್ತದೆ. ಮೊದಲ ದಿನಗಳಲ್ಲಿ ಅವರು ಮುಖ ಬೇರೆ ಕಡೆ ಮಾಡಿ ಸರಸರ ಹೋಗುತ್ತಿದ್ದರು. ಅಮ್ಮ ಚಾಪೆಯಲ್ಲಿ ಮಲಗಿ ಹೆಜ್ಜೆಯ ಶಬ್ದ ಕೇಳುತ್ತಿದ್ದಳು.

ನಿನ್ನೆ ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದೆ. ಓಣಿಯಲ್ಲಿ ಹೆಜ್ಜೆ ಕೇಳಿತು. ಅಮ್ಮ ಮೊಣಕೈ ಊರಿ ತಲೆ ಎತ್ತಿದಳು. ಬಿದ್ದ ಮೇಲೆ ಅವಳು ಅಷ್ಟು ಎದ್ದದ್ದೇ ಇಲ್ಲ. ಕುತ್ತಿಗೆಯ ನರ ಉಬ್ಬಿತು. ಓಣಿಯ ಬಾಯಲ್ಲಿ ನಿಂತು ಕೂಗುತ್ತಿದ್ದ ಅದೇ ಸ್ವರ ಎಲ್ಲಿತ್ತೋ, ಹೊರಗೆ ಬಂತು.

"ಯಾರದು? ಕೂಗಿ ಹೇಳಿ ಬನ್ನಿ! ಇಲ್ಲಿ ಮನುಷ್ಯರು ಇದ್ದೇವೆ!"

ಹೆಜ್ಜೆ ನಿಂತಿತು. ನಾನು ಕೈಯಲ್ಲಿ ಕೊಳ್ಳಿ ಹಿಡಿದು ಹಾಗೆಯೇ ಕೂತೆ. ಮಾವ ಎದ್ದು ಕೂತ. ಹೊರಗೆ ಚೊಂಬಿನ ನೀರು ಸ್ವಲ್ಪ ಚೆಲ್ಲಿದ ಶಬ್ದವಾಯಿತು. ಯಾರೋ ಕೆಮ್ಮಿದರು. ಆ ಕೆಮ್ಮು ನನಗೆ ಗೊತ್ತು, ಕುಶಾಲಪ್ಪನದ್ದು. ಹಿಂದೆ ಹೋಗಲು ಅವನಿಗೆ ಪುರುಸೊತ್ತು ಇರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಸಣ್ಣ ಸ್ವರದಲ್ಲಿ ಹೇಳಿದ.

"ಬರ್ಪೆ."

"ಕೇಳಲಿಲ್ಲ" ಅಂದಳು ಅಮ್ಮ.